ಯಾರು ಎಲ್ಲಿ ಕೂರಬೇಕು

ಸರ್ವರ್ ಕಾನ್ಫಿಗರ್ ಮಾಡುವುದೆಂದರೆ ಕೈಪಿಡಿ ನೋಡಿಕೊಂಡು ಖಾಲಿ ಜಾಗ ತುಂಬುವ ಗುಮಾಸ್ತಿಕೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಪ್ರೋಗ್ರಾಂ ಬರೆಯುವವರಿಗೆ ಸಿಗುವ ಮರ್ಯಾದೆ ಈ ಕೆಲಸಕ್ಕಿಲ್ಲ. ನನಗೆ ಮಾತ್ರ ಇದು ಕಂಪ್ಯೂಟರ್ ಲೋಕದ ಅತ್ಯಂತ ರುಚಿಕಟ್ಟಾದ ಕಸುಬು. ಯಂತ್ರ ತಾನಾಗಿ ಎಂದೂ ಕಂಡುಕೊಳ್ಳಲಾಗದ ಸಂಗತಿಯನ್ನು ಅದಕ್ಕೆ ಹೇಳಿಕೊಡುವ ಜಾಗ ಆ ಪುಟ್ಟ ಕಾನ್ಫಿಗರೇಷನ್ ಫೈಲ್. ಫೌಂಡೇಶನ್‌ಡಿಬಿಯನ್ನೇ ನೋಡಿ. ಹಲವು ಯಂತ್ರಗಳಲ್ಲಿ ಡೇಟಾ ಹಂಚಿಟ್ಟು, ಹೊರಗಿನವರಿಗೆ ಒಂದೇ ಉಗ್ರಾಣವಾಗಿ ಕಾಣುವ ಡೇಟಾಬೇಸ್ ಅದು. ಆಪಲ್ ಅದನ್ನು 2015ರಲ್ಲಿ ಕೊಂಡು, 2018ರಲ್ಲಿ ಓಪನ್ ಸೋರ್ಸ್ ಮಾಡಿತು.

ಇದರ ಒಂದೊಂದು ಸರ್ವರ್ ಪ್ರೊಸೆಸ್‌ಗೂ ಒಂದೇ ಕೋರ್ ಸಾಕು. ಎರಡನೆಯದನ್ನು ಕೊಟ್ಟರೂ ಅದಕ್ಕೆ ಬಳಸಲು ಬಾರದು. ಹಾಗಾಗಿ ದೊಡ್ಡ ಯಂತ್ರವನ್ನು ಪೂರ್ತಿ ದುಡಿಸಬೇಕೆಂದರೆ ಹಲವು ಪ್ರೊಸೆಸ್‌ಗಳನ್ನು ನಡೆಸಬೇಕು. ಫೈಲ್ ತೆರೆದರೆ 4500, 4501 ಎಂದು ಪೋರ್ಟ್ ಸಂಖ್ಯೆಯನ್ನೇ ಹೆಸರಾಗಿ ಹೊತ್ತ ವಿಭಾಗಗಳು ಒಂದರ ಕೆಳಗೊಂದು ಕಾಣುತ್ತವೆ. ಪ್ರತಿಯೊಂದರಲ್ಲೂ ಕ್ಲಾಸ್ ಎಂಬ ಒಂದು ಸಾಲು ಇಡಬಹುದು: ಇದು ಸ್ಟೋರೇಜ್, ಇದು ಲಾಗ್, ಇದು ಸ್ಟೇಟ್‌ಲೆಸ್. ಲಾಗ್ ಪ್ರೊಸೆಸ್ ಬಂದ ಬರಹವನ್ನು ಡಿಸ್ಕಿಗೆ ಸಾಲಾಗಿ ಇಳಿಸಿ, ಅದು ಗಟ್ಟಿಯಾಗಿ ಕೂತ ಮೇಲಷ್ಟೇ ‘ಆಯಿತು’ ಎನ್ನುತ್ತದೆ. ಸ್ಟೋರೇಜ್ ಪ್ರೊಸೆಸ್ ಡಿಸ್ಕಿನ ಮೂಲೆಮೂಲೆಗೂ ಓಡಾಡುತ್ತಿರುತ್ತದೆ. ಇವೆರಡನ್ನೂ ಒಂದೇ ಡಿಸ್ಕಿಗೆ ಕಟ್ಟಿದರೆ ಮಕ್ಕಳು ಓಡಾಡುವ ಅಂಗಳದ ನಡುವೆ ಚುಕ್ಕಿ ರಂಗೋಲಿ ಹಾಕಲು ಕೂತಂತೆ. ಕೆಲಸ ನಿಲ್ಲುವುದಿಲ್ಲ, ಆದರೆ ಪ್ರತಿ ಗೆರೆಗೂ ಕಾಯಬೇಕು. ಮೆಮೊರಿಯ ಲೆಕ್ಕವೂ ಹೀಗೆಯೇ. ಒಂದು ಪ್ರೊಸೆಸ್‌ಗೆ ಡಿಫಾಲ್ಟ್ ಮಿತಿ 8 ಜಿಬಿ. 16 ಜಿಬಿಯ ಯಂತ್ರದಲ್ಲಿ ನಾಲ್ಕು ಪ್ರೊಸೆಸ್ ಇಟ್ಟರೆ ಮಿತಿಗಳ ಮೊತ್ತ 32. ಹಾಸಿಗೆಗಿಂತ ಕಾಲು ಉದ್ದವಾಯಿತು. ಹೊರೆ ಕಡಿಮೆ ಇರುವ ದಿನಗಳಲ್ಲಿ ಇದು ಗೊತ್ತೇ ಆಗುವುದಿಲ್ಲ. ಇನ್ನೊಂದು ಮಾತು: ಈ ಫೈಲನ್ನು ಎಫ್‌ಡಿಬಿಮಾನಿಟರ್ ಎಂಬ ಕಾವಲುಗಾರ ಸದಾ ನೋಡುತ್ತಿರುತ್ತದೆ. ಸೇವ್ ಒತ್ತಿದೊಡನೆ ಬದಲಾದ ಪ್ರೊಸೆಸ್ ನಿಂತು ಹೊಸದಾಗಿ ಏಳುತ್ತದೆ. ಬರೆದದ್ದು ಆ ಕ್ಷಣವೇ ನಡೆಯುತ್ತದೆ ಎಂಬ ಅರಿವು ಬೆರಳಿಗೆ ತರುವ ಎಚ್ಚರವೇ ಈ ಕಸುಬಿನ ಸುಖ.

ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ಝೋನ್, ಅಂದರೆ ಒಟ್ಟಿಗೇ ಕೆಡಬಹುದಾದ ಯಂತ್ರಗಳ ಗುಂಪು ಯಾವುದೆಂದು ಹೇಳುವ ಸಾಲು. ಟ್ರಿಪಲ್ ಎಂದು ಹೇಳಿದರೆ ಡೇಟಾದ ಮೂರು ಪ್ರತಿಗಳು ಮೂರು ಬೇರೆ ಬೇರೆ ಝೋನ್‌ಗಳಲ್ಲಿ ಕೂರುತ್ತವೆ. ನೀವು ಏನೂ ಬರೆಯದಿದ್ದರೆ ಪ್ರತಿ ಯಂತ್ರವೂ ತನ್ನಷ್ಟಕ್ಕೇ ಒಂದು ಝೋನ್. ಪ್ರತಿಗಳು ಕೂತ ಆ ಮೂರೂ ಒಂದೇ ಭೌತಿಕ ಸರ್ವರಿನೊಳಗಿನ ವರ್ಚುವಲ್ ಯಂತ್ರಗಳಾಗಿದ್ದರೆ? ಒಂದೇ ರ‍್ಯಾಕಿನಲ್ಲಿ, ಒಂದೇ ಕರೆಂಟ್ ಲೈನಿಗೆ ಸಿಕ್ಕಿಸಿದವಾಗಿದ್ದರೆ? ಪ್ರತಿಗಳು ಮೂರು, ಆಸರೆ ಒಂದೇ. ಇದು ಸಾಫ್ಟ್‌ವೇರಿನ ದೋಷವಲ್ಲ. ಗೋಡೆಯ ಪ್ಲಗ್ ಅದಕ್ಕೆ ಕಾಣುವುದಿಲ್ಲ, ಅಷ್ಟೆ. ಈ ಯಂತ್ರಗಳ ಕೂಟವನ್ನು, ಅಂದರೆ ಕ್ಲಸ್ಟರನ್ನು, ಒಟ್ಟಾಗಿ ಹಿಡಿದಿಡುವ ಕೋಆರ್ಡಿನೇಟರ್‌ಗಳ ಎಣಿಕೆಯಲ್ಲೂ ಹೀಗೊಂದು ಸೂಕ್ಷ್ಮವಿದೆ. ಅವರಲ್ಲಿ ಬಹುಮತ ಉಳಿದರಷ್ಟೇ ಕ್ಲಸ್ಟರ್ ನಡೆಯುತ್ತದೆ. ಮೂವರಿದ್ದರೆ ಒಬ್ಬರು ಹೋದರೂ ಸೈ. ನಾಲ್ವರಿಗೆ ಬಹುಮತ ಮೂರು, ಆಗಲೂ ಒಬ್ಬರೇ ಹೋಗಬಹುದು. ಐವರಾದರೆ ಇಬ್ಬರು ಹೋದರೂ ನಡೆದೀತು. ಎರಡು ಪ್ರತಿ ಹೋದರೂ ಒಂದು ಉಳಿಯುವ ಟ್ರಿಪಲ್‌ಗೆ ಐದು ಕೋಆರ್ಡಿನೇಟರ್ ಬೇಕೆನ್ನುವುದು ಇದಕ್ಕೇ.

ಒಳ್ಳೆಯ ವ್ಯವಸ್ಥೆ ಇದನ್ನೆಲ್ಲ ತಾನೇ ಮಾಡಿಕೊಳ್ಳಬೇಕಲ್ಲವೇ ಎಂಬ ಆಕ್ಷೇಪಣೆ ಹಗುರವಾದುದಲ್ಲ. ಫೌಂಡೇಶನ್‌ಡಿಬಿ ನಿಜಕ್ಕೂ ಬಹಳಷ್ಟನ್ನು ತಾನೇ ಮಾಡಿಕೊಳ್ಳುತ್ತದೆ: ಪ್ರೊಸೆಸ್‌ಗಳಿಗೆ ಕೆಲಸ ಹಂಚುತ್ತದೆ, ಒಂದು ಬಿದ್ದರೆ ಅದರ ಕೆಲಸ ಇನ್ನೊಂದಕ್ಕೆ ಒಪ್ಪಿಸುತ್ತದೆ, ಡೇಟಾವನ್ನು ಸಮನಾಗಿ ಸರಿಸುತ್ತದೆ. ಹಾಗೆ ಕಳೆಯುತ್ತ ಹೋದ ಮೇಲೂ ಮನುಷ್ಯನಿಗೆ ಉಳಿದ ಸಾಲುಗಳು ಇವು ಎಂಬುದೇ ನನ್ನ ವಾದಕ್ಕೆ ಆಧಾರ. ಕುಬರ್ನೆಟಿಸ್‌ನಂಥ ಸಾಧನ ಈ ಸಾಲುಗಳನ್ನು ನೂರು ಯಂತ್ರಕ್ಕೆ ನಿಮಿಷದಲ್ಲಿ ಬರೆದೀತು. ಆದರೆ ಯಾವ ಯಂತ್ರ ಯಾವ ರ‍್ಯಾಕಿನದೆಂದು ಅದಕ್ಕೂ ಯಾರೋ ಹೇಳಿರಬೇಕು. ತಪ್ಪು ಹೇಳಿದ್ದರೆ ಅದೇ ತಪ್ಪು ನೂರು ಕಡೆ. ಮನುಷ್ಯನ ಕೈ ಎಡವುತ್ತದೆ ಎಂಬುದೂ ನಿಜವೇ. ಅದಕ್ಕಾಗಿ ಕೈಯನ್ನು ದೂರ ಇಡಬೇಕಿಲ್ಲ, ಪಳಗಿಸಬೇಕು: ಒಂದು ಸಲಕ್ಕೆ ಒಂದೇ ಬದಲಾವಣೆ, ಏಕೆ ಬದಲಿಸಿದೆ ಎಂದು ಮೇಲೊಂದು ಕಾಮೆಂಟ್, ಯಂತ್ರ ತೆಗೆಯುವ ಮುನ್ನ ‘ಎಕ್ಸ್‌ಕ್ಲೂಡ್’ ಹೇಳಿ ಅದರ ಡೇಟಾ ಪೂರ್ತಿ ಖಾಲಿಯಾಗುವ ತನಕ ತಾಳ್ಮೆ.

ನಿಮ್ಮ ಸುಪರ್ದಿಯಲ್ಲಿ ಇಂಥದೊಂದು ಕ್ಲಸ್ಟರ್ ಇದ್ದರೆ ಆ ಫೈಲನ್ನು ಇವತ್ತು ಒಮ್ಮೆ ತೆರೆಯಿರಿ. ಝೋನ್ ಹೇಳುವ ಸಾಲು ಇಲ್ಲದಿದ್ದರೆ, ಸರ್ವರ್ ಕೋಣೆಗೆ ಹೋಗಿ ಯಾವ ಯಂತ್ರದ ವೈರು ಯಾವ ಲೈನಿಗೆ ಹೋಗಿದೆ ಎಂದು ಕಣ್ಣಾರೆ ನೋಡಿ ಬಂದು ಬರೆಯಿರಿ.