ಮಡಚೋ ಚಾಕು ಕೈ ಕೊಟ್ಟ ದಿನ

ಹೋದ ಮಳೆಗಾಲದಲ್ಲಿ ನಮ್ಮ ಕರು ಕುತ್ತಿಗೆಗೆ ನೈಲಾನ್ ಹಗ್ಗ ಸುತ್ತಿಕೊಂಡು ತೋಟದಲ್ಲಿ ಬಿದ್ದಿತ್ತು. ಜೇಬಲ್ಲಿ ಮಡಚೋ ಚಾಕು ಇತ್ತು. ಬಾಳೆ ಸೊನೆ, ಮಣ್ಣು ಸೇರಿ ಕೀಲು ಬಿಗಿದುಹೋಗಿತ್ತು, ಒದ್ದೆ ಕೈಗೆ ಬಿಚ್ಚಲೇ ಇಲ್ಲ. ಮನೆಯವಳು ಕುಡುಗೋಲು ತರೋ ಹೊತ್ತಿಗೆ ಕರುವಿನ ನಾಲಿಗೆ ಹೊರಗೆ ಬಂದಿತ್ತು. ಪುಣ್ಯಕ್ಕೆ ಉಳೀತು.

ಮರುವಾರವೇ ಕಮ್ಮಾರರಿಗೆ ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ಕೊಟ್ಟು ಮಡಚದ ಚಾಕು ಮಾಡಿಸಿದೆ. ಅಲಗು 4 ಇಂಚು ಸಾಕು. ಉದ್ದ ಆದ್ರೆ ಚೀಲದ ಹೊಲಿಗೆ ಬಿಚ್ಚೋಕೆ, ಕಸಿಕಡ್ಡಿ ಕೆತ್ತೋಕೆ ಕೈಗೆ ಕೂರಲ್ಲ. ಮುಖ್ಯವಾದ್ದು, ಅಲಗಿನ ಕಬ್ಬಿಣ ಹಿಡಿಯ ಕೊನೆವರೆಗೂ ಹೋಗಿರಬೇಕು. ಅರ್ಧಕ್ಕೇ ನಿಂತಿದ್ರೆ ಜೋರಾಗಿ ಒತ್ತಿದಾಗ ಹಿಡಿ ಸಡಿಲ ಆಗುತ್ತೆ. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಕಡಿಮೆ, ನಿಜ. ಪಟ್ಟಿ ಚಾಕುಗೆ ತುಕ್ಕು ಹಿಡಿಯುತ್ತೆ, ಆದ್ರೆ ಮನೆ ಸಾಣೆಕಲ್ಲಲ್ಲೇ ಬೇಗ ಹರಿತ ಆಗುತ್ತೆ. ಕೆಲಸ ಮುಗಿದ ಮೇಲೆ ಒರೆಸಿ ಕೊಬ್ಬರಿ ಎಣ್ಣೆ ಸವರಿದ್ರೆ ಆಯ್ತು. ಹಿಡಿಗೆ ಕೆಂಪು ಬಟ್ಟೆ ಸುತ್ತಿದ್ದೀನಿ, ಹುಲ್ಲಲ್ಲಿ ಬಿದ್ರೂ ಕಾಣುತ್ತೆ. ಒರೆ ಮಾತ್ರ ಬಿಗಿ ಇರಲಿ, ಬಗ್ಗಿದಾಗ ಜಾರಬಾರದು.

ಮಡಚೋ ಚಾಕು ಈಗ ಅಡುಗೆಮನೇಲಿ ನಿಂಬೆಹಣ್ಣು ಕುಯ್ಯುತ್ತಿದೆ. ನಿಮ್ಮ ಜೇಬಲ್ಲಿರೋದನ್ನ ಇವತ್ತೇ ಒದ್ದೆ ಕೈಲಿ ಒಮ್ಮೆ ಬಿಚ್ಚಿ ನೋಡಿ.