ಜಲಪಾತದ ಘಟ್ಟ

ಮಕ್ಕಳ ಕೈಯಿಂದ ಮೊಬೈಲನ್ನು ಕಸಿದುಕೊಳ್ಳುವ ನಾವೂ ಒಂದು ಕಾಲದಲ್ಲಿ ವಿಡಿಯೋ ಆಟದಲ್ಲಿ ಊಟ ಮರೆತವರೆಂದರೆ ನೀವು ನಗುವಿರಿ. ೧೯೮೩ರಲ್ಲಿ ಜಪಾನಿನ ನಿಂಟೆಂಡೋ ಸಂಸ್ಥೆಯವರು ಹೊರತಂದ ಫ್ಯಾಮಿಕಾಮ್ ಯಂತ್ರದ ಅನುಕರಣವೊಂದು ತೊಂಬತ್ತರ ದಶಕದಲ್ಲಿ ನಮ್ಮ ಮನೆಗೂ ಬಂದಿತು. ಕ್ಯಾಸೆಟ್ಟನ್ನು ಊದಿ ಸಿಕ್ಕಿಸುವುದೇ ಒಂದು ವಿಧಿ. (ಉಸಿರಿನ ತೇವದಿಂದ ಅದಕ್ಕೆ ಕೇಡೇ ಎಂಬುದನ್ನು ಬಹಳ ತಡವಾಗಿ ಅರಿತೆವು.)

೧೯೮೫ರ ಸೂಪರ್ ಮಾರಿಯೋ ಎಲ್ಲರಿಗೂ ಪ್ರಿಯ. ನಮಗಾದರೋ ೧೯೮೮ರಲ್ಲಿ ಈ ಯಂತ್ರಕ್ಕೆ ಬಂದ, ಕೊನಾಮಿಯವರ ಕಾಂಟ್ರಾ. ಇಬ್ಬರು ಜೊತೆಯಾಗಿ ಆಡಬಹುದು. ಮೂರನೆಯ ಘಟ್ಟದಲ್ಲಿ ಜಲಪಾತವನ್ನು ಏರಬೇಕು. ಮುಂದಿನವನು ಏರಿದಂತೆಲ್ಲ ಚಿತ್ರವೂ ಮೇಲಕ್ಕೆ ಸರಿಯುವುದು. ಹಿಂದುಳಿದವನು ಪರದೆಯ ಕೆಳಗಂಚಿಗೆ ಸಿಕ್ಕಿ, ಶತ್ರುವಿನ ಗುಂಡು ತಗಲದೆಯೇ ಸಾಯುವನು.

"ಅಕ್ಕಾ, ನಿಲ್ಲೇ!" ಎಂದು ನಮ್ಮ ತಂಗಿ ಕೂಗುತ್ತಿದ್ದಳು. ನಾವು ನಿಲ್ಲುತ್ತಿರಲಿಲ್ಲ. ಒಂದು ಸಂಜೆ ಅವಳು ರಿಮೋಟನ್ನು ಕೆಳಗಿಟ್ಟು ಎದ್ದುಹೋದಳು, ಮತ್ತೆ ಮುಟ್ಟಲಿಲ್ಲ. ತರುವಾಯ ನಾವೊಬ್ಬರೇ ಎಂಟೂ ಘಟ್ಟಗಳನ್ನು ಗೆದ್ದೆವು. ನೋಡಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಕಳೆದ ಬೇಸಗೆಯ ರಜೆಯಲ್ಲಿ ತಂಗಿಯ ಮಗಳು ಅದೇ ಆಟವನ್ನು ಎಲ್ಲಿಂದಲೋ ತಂದು ಹೂಡಿದಳು. ತಂಗಿಯೂ ಬಂದು ಕುಳಿತಳು. ಜಲಪಾತದ ಬುಡದಲ್ಲಿ ನಾವು ಅವಳಿಗಾಗಿ ಕಾದು ನಿಂತೆವು. ಅವಳಾದರೋ ನಮ್ಮನ್ನು ಅಲ್ಲಿಯೇ ಬಿಟ್ಟು ಸರಸರನೆ ಏರಿಹೋದಳು.