ಬೆಳುಗುಪ್ಪದ ಬಯಲು, ಕುವೈತಿನ ಕಾಯಿದೆ

ರಾಯದುರ್ಗದ ಕೋಟೆಬೆಟ್ಟವನ್ನು ಹಿಂದಿಟ್ಟು ಪೂರ್ವಕ್ಕೆ ಸಾಗುವ ಪ್ರಯಾಣಿಕನಿಗೆ ಬೆಳುಗುಪ್ಪದ ಸೀಮೆಯು ದೂರದಿಂದಲೇ ತನ್ನ ಸ್ವಭಾವವನ್ನು ತೋರಿಸಿಕೊಡುತ್ತದೆ. ಮರಗಳು ವಿರಳ, ಆಕಾಶ ವಿಶಾಲ. ಕೆಂಪು ನೆಲದಲ್ಲಿ ಕಡಲೆಕಾಯಿಯ ಸಾಲುಗಳು, ನಡುನಡುವೆ ಎರೆಯ ಹೊಲಗಳು, ದಿಬ್ಬಗಳ ಮೇಲೆ ನಿಧಾನವಾಗಿ ತಿರುಗುವ ಗಾಳಿಯಂತ್ರಗಳು. ಮಳೆಯನ್ನೇ ನಂಬಿದ ಈ ಒಣಬಯಲಿಗೆ ಈಚಿನ ವರ್ಷಗಳಲ್ಲಿ ಶ್ರೀಶೈಲದ ಕಡೆಯಿಂದ ಹಂದ್ರಿ-ನೀವಾ ಕಾಲುವೆಯ ಮೂಲಕ ಕೃಷ್ಣೆಯ ನೀರು ಬರುತ್ತಿದ್ದು, ಅದು ಜೀಡಿಪಲ್ಲಿಯ ಜಲಾಶಯದಲ್ಲಿ ನಿಲ್ಲುತ್ತದೆ. ಆದರೂ ಮೋಡ ನೋಡುವ ಅಭ್ಯಾಸವನ್ನು ಇಲ್ಲಿನ ರೈತನು ಬಿಟ್ಟಿಲ್ಲ.

ಈ ಸೀಮೆಯಲ್ಲಿ ಭಾಷೆಗಳಿಗೆ ಬೇಲಿಯಿಲ್ಲ. ಸಂತೆಯಲ್ಲಿ ತೆಲುಗಿನಲ್ಲಿ ಆರಂಭವಾದ ಚೌಕಾಸಿಯು ಕನ್ನಡದಲ್ಲಿ ಮುಗಿಯುವುದುಂಟು. ಮುಸಲ್ಮಾನರ ಮನೆಗಳ ಉರ್ದುವಿನಲ್ಲಿ ಈ ಎರಡು ನುಡಿಗಳೂ ಬೆರೆತಿರುವುದುಂಟು. ದಕ್ಷಿಣದಲ್ಲಿ ಮಡಕಶಿರಾದ ಕಡೆಗೆ ಹೋದರೆ ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯ ಕನ್ನಡ ಶಾಸನಗಳು ಈ ನುಡಿಯ ಹಳಮೆಗೆ ಸಾಕ್ಷಿಯಾಗಿ ನಿಂತಿವೆ. ಆದರೆ ಈ ಬಯಲಿನ ವಿಶೇಷವು ನುಡಿಯಲ್ಲಿ ಮಾತ್ರವಲ್ಲ, ಜನರ ಹೆಸರುಗಳಲ್ಲಿಯೂ ಇದೆ. ಕುಳ್ಳಾಯಪ್ಪ, ಹುಸೇನಪ್ಪ, ಮಸ್ತಾನಪ್ಪ, ಫಕ್ಕೀರಪ್ಪ ಮುಂತಾದ ಹೆಸರಿನವರು ಅನಂತಪುರ ಜಿಲ್ಲೆಯ ಹಿಂದೂ ಮನೆಗಳಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಮಕ್ಕಳಿಲ್ಲದ ದಂಪತಿಗಳು ಪೀರರಿಗೆ ಹರಕೆ ಹೊತ್ತು, ಹುಟ್ಟಿದ ಕೂಸಿಗೆ ಆ ಸ್ವಾಮಿಯ ಹೆಸರನ್ನೇ ಇಡುವುದು ಇಲ್ಲಿನ ವಾಡಿಕೆ. ಹಾಗೆ ಹೆಸರಿಟ್ಟುಕೊಂಡವನು ತನ್ನ ಕುಲದೇವರನ್ನು ಬಿಟ್ಟವನಲ್ಲ, ಮತಾಂತರಗೊಂಡವನೂ ಅಲ್ಲ.

ಇಂತಹ ಹೆಸರುಗಳ ಮೂಲವನ್ನು ಕಾಣಬೇಕೆಂದರೆ ಮೊಹರಂ ಕಾಲದಲ್ಲಿ ನಾರ್ಪಲ ಮಂಡಲದ ಗೂಗೂಡಿಗೆ ಹೋಗಬೇಕು. ಅಲ್ಲಿಯ ಕುಳ್ಳಾಯಿ ಸ್ವಾಮಿಯ ಪೀರುಗಳ ದರ್ಶನಕ್ಕೆ ಆಂಧ್ರದ ಹಳ್ಳಿಗಳಿಂದಲ್ಲದೆ ಕರ್ನಾಟಕದಿಂದಲೂ ಜನ ಬರುತ್ತಾರೆ. ಬಂದವರಲ್ಲಿ ಹಿಂದೂಗಳ ಸಂಖ್ಯೆ ಬಹು ದೊಡ್ಡದು. ಬಣ್ಣದ ವಸ್ತ್ರಗಳಲ್ಲಿ ಅಲಂಕೃತವಾದ ಪೀರುಗಳ ಮೆರವಣಿಗೆ, ಅಗ್ನಿಗುಂಡ, ಸಕ್ಕರೆಯ ಓದಿಕೆ, ಅದೇ ಊರಿನ ಆಂಜನೇಯನಿಗೊಂದು ತೆಂಗಿನಕಾಯಿ ಎಲ್ಲವೂ ಒಂದೇ ಯಾತ್ರೆಯ ಭಾಗಗಳು. ನೆರೆಯ ಕಡಪದಲ್ಲಿ ಇದರ ಮರುಮುಖವಿದೆ. ಯುಗಾದಿಯ ದಿನ ದೇವುನಿ ಕಡಪದ ವೆಂಕಟೇಶ್ವರನ ಗುಡಿಗೆ ಮುಸಲ್ಮಾನರು ಬಂದು, ಬೀಬೀ ನಾಂಚಾರಿಯ ನಂಟನ್ನು ನೆನೆದು ಕಾಯಿ ಒಡೆಸುತ್ತಾರೆ. ಇಂತಹ ಆಚರಣೆಗಳನ್ನು ಒಪ್ಪದವರು ಎರಡೂ ಕಡೆ ಇದ್ದಾರೆ. ಪೀರರ ಪೂಜೆಯು ಇಸ್ಲಾಮಿಗೆ ಸಲ್ಲದೆಂಬ ವಿದ್ವಾಂಸರೂ, ಪರಮತದ ಗುಡಿಯೇಕೆ ಎಂಬ ಹಿಂದೂಗಳೂ ಉಂಟು. ಹೋಗುವವನಿಗೆ ಹೋಗುವ ಸ್ವಾತಂತ್ರ್ಯವಿರುವಂತೆ ಹೋಗದವನಿಗೆ ಹೋಗದಿರುವ ಸ್ವಾತಂತ್ರ್ಯವೂ ಇದೆ.

ಈ ನೆಲದಲ್ಲಿ ಮತಗಳ ನಡುವಣ ನಡೆಯನ್ನು ಕುರಿತು ಆಳುವವರು ಆಡಿದ ಮಾತುಗಳು ಬಹು ಪುರಾತನವಾದವು. ಗುತ್ತಿಯ ಆಚೆಗಿನ ಎರ್ರಗುಡಿಯ ಬಂಡೆಗಳ ಮೇಲೆ ಅಶೋಕನ ಹದಿನಾಲ್ಕು ಶಿಲಾಶಾಸನಗಳಿವೆ. ಅವುಗಳಲ್ಲಿ ಹನ್ನೆರಡನೆಯದು, ತನ್ನ ಮತವನ್ನು ಹೊಗಳುವ ಭರದಲ್ಲಿ ಪರರ ಮತವನ್ನು ಹಳಿಯುವವನು ತನ್ನ ಮತಕ್ಕೇ ಹಾನಿ ಮಾಡುತ್ತಾನೆಂದು ಎಚ್ಚರಿಸುತ್ತದೆ. ಶ್ರವಣಬೆಳಗೊಳದ 1368ರ ಶಾಸನವು ಇನ್ನೂ ಹತ್ತಿರದ ಸಂಗತಿ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವೊದಗಿದಾಗ ಆನೆಗೊಂದಿ, ಹೊಸಪಟ್ಟಣ, ಕಲ್ಲೆಹ ಮೊದಲಾದ ಊರುಗಳ ಜೈನರೊಡನೆ ಪೆನುಗೊಂಡೆಯ ಜೈನರೂ ಬುಕ್ಕರಾಯನಲ್ಲಿ ಮೊರೆಯಿಟ್ಟರು. ಅರಸನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟನು. ಜೈನರ ಮನೆಗೊಂದು ಹಣದಂತೆ ಎತ್ತಿ, ಆ ಹಣದಿಂದ ಬೆಳಗೊಳಕ್ಕೆ ಇಪ್ಪತ್ತು ಜನ ಕಾವಲಿನವರನ್ನು ವೈಷ್ಣವರೇ ನೇಮಿಸಬೇಕೆಂದೂ, ಉಳಿದುದನ್ನು ಜಿನಾಲಯಗಳ ಜೀರ್ಣೋದ್ಧಾರಕ್ಕೆ ಬಳಸಬೇಕೆಂದೂ ಗೊತ್ತುಮಾಡಲಾಯಿತು. ಮುಂದೆ 1439ರಲ್ಲಿ ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನನು ಹಂಪೆಯಲ್ಲಿ ಕಟ್ಟಿಸಿದ ಮಸೀದಿಯನ್ನು ಅಲ್ಲಿಯ ಕನ್ನಡ ಶಾಸನವು ಧರ್ಮಸಾಲೆ ಎಂದು ಕರೆಯುತ್ತದೆ.

ಇವೆಲ್ಲ ಹೆಮ್ಮೆಪಡತಕ್ಕ ಸಂಗತಿಗಳೇ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಗೂಗೂಡಿನ ಸೌಹಾರ್ದವು ಜನರ ಒಲವಿನಿಂದ ನಿಂತಿದೆ. ಬುಕ್ಕರಾಯನ ತೀರ್ಪು ಅರಸನ ಕೃಪೆಯಿಂದ ನಿಂತಿತ್ತು. ಒಲವು ಬತ್ತಬಹುದು, ಅರಸನು ಬದಲಾಗಬಹುದು. ಆಗ ಕಡಿಮೆ ಸಂಖ್ಯೆಯವನನ್ನು ಕಾಯುವುದು ಯಾವುದು? ಈ ಪ್ರಶ್ನೆಯು ರಾಯಲಸೀಮೆಯ ಜನರಿಗೆ ಪುಸ್ತಕದ ಪ್ರಶ್ನೆಯಲ್ಲ.

ಏಕೆಂದರೆ ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ಸೀಮೆಯ ಜನ ಬೆಂಗಳೂರಿಗಷ್ಟೇ ಹೋಗುವುದಿಲ್ಲ. ಕಡಪ, ಚಿತ್ತೂರು, ಕದಿರಿಯ ಕಡೆಗಳಿಂದ ದಶಕಗಳಿಂದಲೂ ಗಂಡಸರು ವಾಹನಚಾಲಕರಾಗಿ, ಹೆಂಗಸರು ಮನೆಗೆಲಸದವರಾಗಿ ಕುವೈತಿಗೆ ಹೋಗುತ್ತಿದ್ದಾರೆ. ಅಲ್ಲಿಂದ ಬರುವ ಹಣದಿಂದ ಇಲ್ಲಿ ಮನೆಯ ಗೋಡೆಗಳು ಏಳುತ್ತವೆ, ಮಕ್ಕಳ ಶಾಲೆಯ ಖರ್ಚು ತೂಗುತ್ತದೆ.

ಕುವೈತಿನ 1962ರ ಸಂವಿಧಾನದಲ್ಲಿ ಇಸ್ಲಾಂ ರಾಜ್ಯದ ಧರ್ಮವೆಂದಿದೆ. ಜೊತೆಗೆ 35ನೆಯ ವಿಧಿಯು ನಂಬಿಕೆಯ ಸ್ವಾತಂತ್ರ್ಯವನ್ನು ನಿರ್ಬಂಧವಿಲ್ಲದ್ದೆಂದು ಸಾರಿ, ಸಾರ್ವಜನಿಕ ವ್ಯವಸ್ಥೆಗೂ ನೀತಿಗೂ ಭಂಗ ಬಾರದಂತೆ ರೂಢಿಯಲ್ಲಿರುವ ಆಚರಣೆಗೆ ರಕ್ಷಣೆ ನೀಡುತ್ತದೆ. ಆದರೆ ಪೌರತ್ವದ ಬಾಗಿಲು ಬೇರೆ. 1959ರ ರಾಷ್ಟ್ರೀಯತೆಯ ಕಾಯಿದೆಗೆ 1982ರಲ್ಲಿ ಬಂದ ತಿದ್ದುಪಡಿಯು, ಹೊರಗಿನಿಂದ ಬಂದು ಪೌರನಾಗಬಯಸುವವನು ಮುಸಲ್ಮಾನನಾಗಿರಬೇಕೆಂದು ವಿಧಿಸಿತು. ಅದಕ್ಕೂ ಹಿಂದಿನಿಂದ ನೆಲೆಸಿದ ಕೆಲವೇ ಕ್ರೈಸ್ತ ಕುಟುಂಬಗಳು ಅಲ್ಲಿ ಇಂದಿಗೂ ಪೌರರಾಗಿರುವುದುಂಟು. ಹಾಗೆಂದು ಕಡಪದಿಂದ ಹೋದ ಮುಸಲ್ಮಾನ ಚಾಲಕನಿಗೆ ಆ ದೇಶವು ಪೌರತ್ವವನ್ನು ಕೊಡುತ್ತದೆಂದು ತಿಳಿಯಬಾರದು. ಮತವು ಅಲ್ಲಿ ಅಗತ್ಯವಾದ ನಿಬಂಧನೆಯೇ ಹೊರತು ಸಾಕಾಗುವ ಅರ್ಹತೆಯಲ್ಲ. ಹುಸೇನಪ್ಪನೂ ಹುಸೇನ್ ಸಾಬನೂ ಅಲ್ಲಿ ಮಾಲೀಕನ ಜಾಮೀನಿನ ಮೇಲೆ ನಿಂತ ಕೂಲಿಗಳೇ.

ಇಷ್ಟರಿಂದ ಮುಸ್ಲಿಂ ದೇಶಗಳೆಲ್ಲ ಹೀಗೆಯೇ ಎಂದು ತೀರ್ಮಾನಿಸುವುದು ಆತುರವಾದೀತು. ಮಾಲ್ಡೀವ್ಸ್ ಇನ್ನೂ ಕಟ್ಟುನಿಟ್ಟು. ಅದರ 2008ರ ಸಂವಿಧಾನದ ಪ್ರಕಾರ ಮುಸಲ್ಮಾನನಲ್ಲದವನು ಅಲ್ಲಿನ ಪೌರನಾಗಲಾರ. ಕುವೈತಿನಂತೆಯೇ ಅರಬ್ಬರ ನಾಡಾದ ಓಮಾನ್ ಬೇರೊಂದು ದಾರಿ ಹಿಡಿಯಿತು. ಕಛ್ಛಿನ ಮಾಂಡವಿಯಿಂದ ಬಂದ ಹಿಂದೂ ವರ್ತಕ ಮನೆತನದ ಕನಕಸಿ ಖಿಮ್ಜಿ ಅವರು ಅಲ್ಲಿನ ಪೌರರಾಗಿ, ಸುಲ್ತಾನ್ ಖಾಬೂಸರಿಂದ ಶೇಖ್ ಎಂಬ ಬಿರುದನ್ನೂ ಪಡೆದು 2021ರಲ್ಲಿ ತೀರಿಕೊಂಡರು. ತುರ್ಕಿಯು 1928ರಲ್ಲಿಯೇ ರಾಜ್ಯಧರ್ಮದ ವಿಧಿಯನ್ನು ತನ್ನ ಸಂವಿಧಾನದಿಂದ ತೆಗೆದುಹಾಕಿತು. ಕೋಟ್ಯಂತರ ಮುಸಲ್ಮಾನರಿರುವ ಇಂಡೋನೇಷ್ಯದಲ್ಲಿ ಪೌರತ್ವಕ್ಕೆ ಮತದ ಹಂಗಿಲ್ಲ. ಆದರೆ ಗುರುತುಚೀಟಿಯಲ್ಲಿ ಮತದ ಅಂಕಣವಿದೆ. ಆದಿಮ ನಂಬಿಕೆಗಳವರು ತಮ್ಮ ನಂಬಿಕೆಯನ್ನು ಅಲ್ಲಿ ಬರೆಸಬಹುದೆಂಬ ತೀರ್ಪಿಗೆ 2017ರವರೆಗೆ ಕಾಯಬೇಕಾಯಿತು. ಮಲೇಷ್ಯದಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದ ಲೀನಾ ಜಾಯ್ ಎಂಬ ಮಹಿಳೆಯ ಚೀಟಿಯಿಂದ ಇಸ್ಲಾಂ ಎಂಬ ಪದವನ್ನು ತೆಗೆಯಲು ಅಲ್ಲಿನ ಉಚ್ಚ ಪೀಠವು 2007ರಲ್ಲಿ ನಿರಾಕರಿಸಿತು. ಒಂದೆಡೆ ಹೊರಗಿನವನಿಗೆ ಬಾಗಿಲು ತೆರೆಯದ ಕಷ್ಟ, ಇನ್ನೊಂದೆಡೆ ಒಳಗಿದ್ದವನಿಗೆ ಹೊರಬರಲಾಗದ ಕಷ್ಟ.

ಪಾಕಿಸ್ತಾನದ ಜಫ್ರುಲ್ಲಾ ಖಾನರ ಕಥೆ ಈ ವಿಷಯದಲ್ಲಿ ಮನಸ್ಸಿಗೆ ತಾಗುವಂಥದು. 1948ರಲ್ಲಿ ವಿಶ್ವಸಂಸ್ಥೆಯು ಮಾನವ ಹಕ್ಕುಗಳ ಘೋಷಣೆಯನ್ನು ಚರ್ಚಿಸುವಾಗ, ಮತವನ್ನು ಬದಲಾಯಿಸುವ ಸ್ವಾತಂತ್ರ್ಯವನ್ನೂ ಒಳಗೊಂಡ 18ನೆಯ ವಿಧಿಯನ್ನು ಸೌದಿ ಅರೇಬಿಯ ಒಪ್ಪಲಿಲ್ಲ. ಪಾಕಿಸ್ತಾನದ ವಿದೇಶಾಂಗ ಮಂತ್ರಿಯಾಗಿದ್ದ ಜಫ್ರುಲ್ಲಾ ಖಾನರು ಅದನ್ನು ಇಸ್ಲಾಮಿನ ಆಧಾರದ ಮೇಲೆಯೇ ಸಮರ್ಥಿಸಿದರು. ಅವರು ಅಹಮದೀಯ ಪಂಥದವರು. 1974ರಲ್ಲಿ ಅವರ ದೇಶವೇ ಸಂವಿಧಾನವನ್ನು ತಿದ್ದಿ ಆ ಪಂಥದವರನ್ನು ಮುಸಲ್ಮಾನರಲ್ಲವೆಂದು ಸಾರಿತು. ತಾನು ಯಾರೆಂಬುದನ್ನು ವ್ಯಕ್ತಿಯ ಬದಲು ರಾಜ್ಯವೇ ನಿರ್ಣಯಿಸತೊಡಗಿದರೆ ಬಹುಸಂಖ್ಯಾತರ ಮತದೊಳಗಿನವನಿಗೂ ನೆಮ್ಮದಿಯಿಲ್ಲವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಪರರ ಮನೆಯ ಲೆಕ್ಕ ನೋಡಿದವರು ತಮ್ಮ ಮನೆಯದನ್ನೂ ನೋಡಬೇಕು. 1950ರ ಭಾರತದ ಸಂವಿಧಾನವು ಪೌರತ್ವಕ್ಕೆ ಮತವನ್ನು ಅಳತೆಯಾಗಿ ಇಟ್ಟುಕೊಳ್ಳಲಿಲ್ಲ. 25ನೆಯ ವಿಧಿಯು ಪ್ರತಿಯೊಬ್ಬನಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಕೊಟ್ಟಿತು. 2019ರ ತಿದ್ದುಪಡಿಯು ಮೂರು ನೆರೆದೇಶಗಳಿಂದ ಬಂದ ಆರು ಮತಗಳವರಿಗೆ ಪೌರತ್ವದ ಹಾದಿಯನ್ನು ಸುಗಮಗೊಳಿಸಿತು. ಆ ಪಟ್ಟಿಯಲ್ಲಿ ಮುಸಲ್ಮಾನರಿಲ್ಲ. ಅದು ಪೀಡಿತರಿಗೆ ಆಸರೆಯೆಂದು ಸರಕಾರವೂ, ಸಮಾನತೆಗೆ ವಿರುದ್ಧವೆಂದು ಆಕ್ಷೇಪಿಸಿದವರೂ ವಾದಿಸುತ್ತ ಬಂದಿದ್ದು, ವಿವಾದವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದೆ.

ಈ ಪ್ರಶ್ನೆಯ ಭಾರವನ್ನು ಅರಿಯಲು ರಾಯದುರ್ಗ ಸೀಮೆಯ ಕನ್ನಡಿಗನಿಗೆ ದೂರ ಹೋಗಬೇಕಾಗಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯು ಒಡೆದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಹೊಸ ಆಂಧ್ರ ರಾಜ್ಯಕ್ಕೆ ಸೇರಿದವು. ಜನ ಎಲ್ಲಿಗೂ ಹೋಗಲಿಲ್ಲ. ಗಡಿಯೇ ಅವರನ್ನು ದಾಟಿ ಹೋಯಿತು. ಒಂದು ರಾತ್ರಿ ಕಳೆಯುವಷ್ಟರಲ್ಲಿ ಅವರು ಅಲ್ಪಸಂಖ್ಯಾತರಾದರು. ಆಗ ಯಾರೂ ಅವರನ್ನು, ತೆಲುಗನ್ನು ಮಾತೃಭಾಷೆಯೆಂದು ಒಪ್ಪಿದರೆ ಮಾತ್ರ ಈ ನೆಲದ ಪೌರರೆಂದು ಹೇಳಲಿಲ್ಲ. ತಮ್ಮ ನುಡಿಯನ್ನು ಉಳಿಸಿಕೊಳ್ಳುವ ಹಕ್ಕನ್ನು 29ನೆಯ ವಿಧಿಯೂ, ಶಾಲೆ ನಡೆಸುವ ಹಕ್ಕನ್ನು 30ನೆಯ ವಿಧಿಯೂ ಮೊದಲೇ ಕೊಟ್ಟಿದ್ದವು. 1956ರಲ್ಲಿ ಸೇರಿದ 350ಎ ವಿಧಿಯು ಮಾತೃಭಾಷೆಯ ಪ್ರಾಥಮಿಕ ಶಿಕ್ಷಣವನ್ನು ರಾಜ್ಯದ ಹೊಣೆಯನ್ನಾಗಿಸಿತು. ಪಠ್ಯಪುಸ್ತಕ ತಡವಾದರೂ, ಅಧ್ಯಾಪಕರ ಹುದ್ದೆ ಖಾಲಿ ಉಳಿದರೂ ಕೇಳುವುದಕ್ಕೊಂದು ಆಧಾರವಿರುವುದು ಇದರಿಂದಲೇ. ನೆರೆಯವರ ಸೌಜನ್ಯದಿಂದ ಸಂತೆಯಲ್ಲಿ ಕನ್ನಡ ಉಳಿದೀತು. ಹಕ್ಕಿಲ್ಲದೆ ಶಾಲೆಯಲ್ಲಿ ಉಳಿಯದು. ನುಡಿಗೆ ಒಪ್ಪುವ ಈ ನ್ಯಾಯವು ನಂಬಿಕೆಗೂ ಒಪ್ಪುತ್ತದೆ. ತನಗೆ ಅದನ್ನು ಬೇಡುವವನು ಮತ್ತೊಬ್ಬನಿಗೂ ಬೇಡಬೇಕಾಗುತ್ತದೆ.

ಜೂನ್ ತಿಂಗಳಲ್ಲಿ ಶಾಲೆಗಳು ತೆರೆಯುತ್ತವೆ. ಗಡಿಸೀಮೆಯ ಕನ್ನಡ ಶಾಲೆಯೊಂದರ ಮೇಜಿನ ಮೇಲೆ ದಾಖಲಾತಿಯ ಪುಸ್ತಕ ಬಿಚ್ಚಿಕೊಳ್ಳುತ್ತದೆ. ಮಗುವಿನ ಹೆಸರು, ತಂದೆಯ ಹೆಸರು, ಮಾತೃಭಾಷೆ, ಮತ ಹೀಗೆ ಒಂದೊಂದಕ್ಕೂ ಒಂದೊಂದು ಅಂಕಣ. ತಂದೆ ಕುಳ್ಳಾಯಪ್ಪ, ಮತ ಹಿಂದೂ, ಮಾತೃಭಾಷೆ ಕನ್ನಡ, ವಾಸ ಆಂಧ್ರಪ್ರದೇಶ. ಬರೆಯುವ ಅಧ್ಯಾಪಕರಿಗೆ ಇದರಲ್ಲಿ ಸೋಜಿಗವೇನೂ ತೋರುವುದಿಲ್ಲ. ಅಂಕಣಗಳಲ್ಲಿ ಏನನ್ನೇ ಬರೆದರೂ ಮಗುವಿಗೆ ಬೆಂಚಿನಲ್ಲಿ ಸ್ಥಳವಿದೆ. ಹೊರಗೆ ದಿಬ್ಬದ ಮೇಲೆ ಗಾಳಿಯಂತ್ರ ತಿರುಗುತ್ತಿರುತ್ತದೆ. ಮುಂಗಾರಿನ ಮೋಡವೊಂದು ಬಯಲಿನ ಮೇಲೆ ನೆರಳು ಹಾಸಿ ಮುಂದಕ್ಕೆ ಸಾಗುತ್ತದೆ.